ಬ್ಲಾಕ್ ಬೋರ್ ಮಾಡಿಸಿದರೆ ಪಿಕಪ್ ಜಾಸ್ತಿ ಆಗುತ್ತದಾ?

ಪ್ರಶ್ನೆ: ಸರ್, ನನ್ನದು ಹಳೆಯ 100 ಸಿಸಿ ಬೈಕ್. ಏರು ಬಂದರೆ ಏದುಸಿರು ಬಿಡುತ್ತದೆ. ಗೆಳೆಯನೊಬ್ಬ ಬ್ಲಾಕ್ ಬೋರ್ ಮಾಡಿಸಿ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗನ್ನು ಕೊರೆಸಿ ಅಗಲ ಮಾಡಿಸಿ) 0.50 ಮಿ.ಮೀ. ಓವರ್‌ಸೈಜ್, ಅಂದರೆ ಅಷ್ಟು ದೊಡ್ಡ ಪಿಸ್ಟನ್ ಹಾಕಿಸಿದ. ಈಗ ಅವನ ಗಾಡಿ ಚಿಮ್ಮುತ್ತದೆ. ನಾನು ಒಂದೇ ಸಲ 1 ಮಿ.ಮೀ. ಮಾಡಿಸಿದರೆ ಇನ್ನೂ ಜಾಸ್ತಿ ಪವರ್ ಬರುತ್ತದೆ ಅಲ್ವಾ?

ಉತ್ತರ: ಲೆಕ್ಕ ಹಾಕಿಯೇ ನೋಡೋಣ. ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) 49.5 ಮಿ.ಮೀ. ಇದ್ದರೆ ಎಂಜಿನ್ 97.2 ಸಿಸಿ. 0.50 ಓವರ್‌ಸೈಜ್ ಹಾಕಿದರೆ 99.1. ಪೂರ್ತಿ 1 ಮಿ.ಮೀ. ತೆಗೆದರೂ 101.1 ಸಿಸಿ, ಅಂದರೆ ಶೇಕಡ 4 ಜಾಸ್ತಿ. ಪವರ್ ಕೂಡ ಅಷ್ಟೇ ಏರಿತು ಅಂದುಕೊಂಡರೂ 7.5 ಹಾರ್ಸ್‌ಪವರ್ ಇದ್ದದ್ದು 7.8 ಆಗುತ್ತದೆ. ಸೀಟಿನ ಮೇಲೆ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ.

ಹಾಗಾದರೆ ಗೆಳೆಯನ ಗಾಡಿ ಚಿಮ್ಮುತ್ತಿರುವುದು? ಅದು ಸುಳ್ಳಲ್ಲ. ಅವನ ಹಳೇ ಬ್ಲಾಕ್ ಸವೆದಿತ್ತು, ಪಿಸ್ಟನ್ ಸುತ್ತ ಇರುವ ರಿಂಗ್ ಪಕ್ಕದಿಂದ ಕಂಪ್ರೆಶನ್ (ಒಳಗೆ ಒತ್ತಿದ ಗಾಳಿ) ಸೋರುತ್ತಿತ್ತು. ಬೋರ್ ಮಾಡಿಸಿದ ಮೇಲೆ ಸೋರಿಕೆ ನಿಂತಿತು. ಕಳೆದುಹೋಗಿದ್ದ ಪವರ್ ವಾಪಸ್ ಬಂತು, ಅಷ್ಟೇ. ಓವರ್‌ಸೈಜ್ ಪಿಸ್ಟನ್ ಇರುವುದೇ ಸವೆದ ಬ್ಲಾಕಿಗೆ ಇನ್ನೊಂದು ಆಯುಷ್ಯ ಕೊಡಲಿಕ್ಕೆ.

ನಿಮ್ಮ ಎಂಜಿನ್ ಬಿಚ್ಚಿದಾಗ ಬ್ಲಾಕಿನ ಒಳಗೆ ಉಗುರನ್ನು ಮೇಲಿಂದ ಕೆಳಕ್ಕೆ ಎಳೆದು ನೋಡಿ. ಮೇಲಿನ ರಿಂಗ್ ನಿಂತು ತಿರುಗುವ ಜಾಗದಲ್ಲಿ ಸಣ್ಣ ಮೆಟ್ಟಿಲಿನ ಹಾಗೆ ತಡೆದರೆ ಸವೆದಿದೆ ಅಂತಲೇ ಅರ್ಥ. ತಡೆಯದಿದ್ದರೆ ತಕ್ಷಣ ಖುಷಿಪಡಬೇಡಿ, ಬೋರ್ ಗೇಜ್ ಹಾಕಿ ಅಳೆಸಿ. ಬ್ಲಾಕ್ ಚೆನ್ನಾಗಿದ್ದರೆ ಏರಿನಲ್ಲಿ ಸುಸ್ತಾಗಲು ಕಾರಣ ಬೇರೆ ಇದೆ: ವಾಲ್ವ್, ಕ್ಲಚ್, ಏರ್ ಫಿಲ್ಟರ್, ಕೆಲವೊಮ್ಮೆ ಹಿಡಿದುಕೊಂಡಿರುವ ಬ್ರೇಕ್!

ಮರುಪ್ರಶ್ನೆ: ಸರಿ ಸರ್. ಆದರೆ ಸೀದಾ 54 ಮಿ.ಮೀ. ಪಿಸ್ಟನ್ ಹಾಕಿದರೆ? 113 ಸಿಸಿ ಆಗುತ್ತದಲ್ಲ?

ಉತ್ತರ: ಆಗುತ್ತದೆ. ಆದರೆ ಹೊಟ್ಟೆ ದೊಡ್ಡದಾದರೆ ಸಾಕೇ, ಬಾಯಿ ಅಷ್ಟೇ ಇದೆಯಲ್ಲ. ವಾಲ್ವ್, ಪೋರ್ಟ್ (ಗಾಳಿ ಬಂದುಹೋಗುವ ದಾರಿ), ಕಾರ್ಬುರೇಟರ್ ಹಳೆಯವೇ. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗಿರುತ್ತದೆ, ಮೇಲೆ ಹೋದಂತೆ ಗಾಳಿ ಸಾಲದೆ ಮಂಕಾಗುತ್ತದೆ.

ನನಗೆ ಹೆಚ್ಚು ಭಯ ಸ್ಲೀವ್ (ಬ್ಲಾಕಿನ ಒಳಗೆ ಕೂರಿಸಿರುವ ಕಬ್ಬಿಣದ ಕೊಳವೆ) ಬಗ್ಗೆ. ಗೋಡೆ 3 ಮಿ.ಮೀ. ದಪ್ಪ ಇತ್ತು ಅನ್ನಿ. 50ರಿಂದ 54ಕ್ಕೆ ಹೋದರೆ ಪ್ರತಿ ಬದಿಯಲ್ಲೂ 2 ಮಿ.ಮೀ. ಹೋಯಿತು. ಉಳಿದ 1 ಮಿ.ಮೀ. ಗೋಡೆ ಬಿಸಿಗೆ ಸೊಟ್ಟಗಾಗುತ್ತದೆ, ದುಂಡಗೆ ನಿಲ್ಲುವುದಿಲ್ಲ. ರಿಂಗ್ ಕೂರದೆ ಆಯಿಲ್ ಕುಡಿಯುತ್ತದೆ, ಕೊನೆಗೆ ಪಿಸ್ಟನ್ ಸೀಜ್, ಅಂದರೆ ಒಳಗೇ ಕಚ್ಚಿಕೊಳ್ಳುತ್ತದೆ. ದಪ್ಪ ಸ್ಲೀವ್ ಹಾಕಿಸಬೇಕೆಂದರೆ ಬ್ಲಾಕನ್ನಷ್ಟೇ ಅಲ್ಲ, ಅದರ ಕೆಳಗಿರುವ ಕ್ರ್ಯಾಂಕ್‌ಕೇಸಿನ ಬಾಯನ್ನೂ ಕೊರೆಯಬೇಕಾಗಬಹುದು. ಪಿಸ್ಟನ್ ಭಾರ ಬದಲಾದರೆ ವೈಬ್ರೇಶನ್ ಕೂಡ ಬದಲಾಗುತ್ತದೆ. ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಹೊಂದಿಸಬೇಕು. ಬ್ಲಾಕಿನ ಮೇಲಿನ ಹೆಡ್ ಹಳೆಯದೇ ಉಳಿದರೆ ಕಂಪ್ರೆಶನ್ ರೇಶಿಯೋ (ಗಾಳಿ ಎಷ್ಟು ಪಟ್ಟು ಒತ್ತಿಹೋಗುತ್ತದೆ ಅನ್ನುವ ಲೆಕ್ಕ) 9ರಿಂದ ಹತ್ತಿರ ಹತ್ತಿರ 10.3ಕ್ಕೆ ಏರುತ್ತದೆ, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಉರಿದು ಎಂಜಿನ್ ಟಕಟಕ ಬಡಿಯುವುದು) ಶುರುವಾಗಬಹುದು.

ಇನ್ನೊಬ್ಬ ಸದಸ್ಯರು: ಅಣ್ಣಾ, ನನ್ನ ಗಾಡಿ ಬ್ಲಾಕಿನಲ್ಲಿ ಕಬ್ಬಿಣದ ಸ್ಲೀವೇ ಇಲ್ಲ, ಒಳಗೆ ಕೋಟಿಂಗ್ ಇದೆ ಅಂದರು. ಅದನ್ನು ಬೋರ್ ಮಾಡಬಹುದಾ?

ಉತ್ತರ: ನಿಕಾಸಿಲ್ (ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿದ ಗಟ್ಟಿ ಪದರ) ತರಹದ ಕೋಟಿಂಗ್ ಇದ್ದರೆ ಮಾಮೂಲಿ ರೀಬೋರ್ ಆಗುವುದಿಲ್ಲ. ಆ ಪದರ ಕೂದಲಿಗಿಂತ ಸ್ವಲ್ಪ ದಪ್ಪ ಇದ್ದರೆ ಹೆಚ್ಚು. ಕೊರೆದರೆ ಕೆಳಗಿನ ಅಲ್ಯೂಮಿನಿಯಂ ಸಿಗುತ್ತದೆ. ಮತ್ತೆ ಕೋಟಿಂಗ್ ಮಾಡಿಸಬೇಕು, ಇಲ್ಲವೇ ಸ್ಲೀವ್ ಕೂರಿಸಬೇಕು, ಇಲ್ಲವೇ ಹೊಸ ಬ್ಲಾಕ್.

ಮೊದಲ ಪ್ರಶ್ನೆ ಕೇಳಿದವರು: ಹಾಗಾದರೆ ಸವೆದಿದ್ದರೆ ಮಾತ್ರ ಮಾಡಿಸುತ್ತೇನೆ. 1 ಮಿ.ಮೀ. ಬೇಡವಾ?

ಉತ್ತರ: ಬೇಡ. 0.25ಕ್ಕೆ ಸವೆತ ಪೂರ್ತಿ ಹೋದರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಸಲಕ್ಕೆ ಲೋಹ ಉಳಿದಿರಲಿ. ಮತ್ತೆ ಒಂದು ಮಾತು, ಪಿಸ್ಟನ್ ಮೊದಲು ತನ್ನಿ, ಬ್ಲಾಕ್ ಜೊತೆಗೇ ಕೊಡಿ. ಪಿಸ್ಟನ್ ಅಳೆದು, ಅದಕ್ಕೆ ಬೇಕಾದ ಸಂದು ಬಿಟ್ಟು ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಅಳತೆಗೆ ತರುವುದು) ಮಾಡುತ್ತಾರೆ. ಆ ಸಂದು ಮಿಲಿಮೀಟರಿನ ನೂರನೇ ಒಂದೆರಡು ಪಾಲಿನ ಲೆಕ್ಕ. "ಪಿಸ್ಟನ್ ನಾಳೆ ತರ್ತೀನಿ, ನೀವು ಬೋರ್ ಮಾಡಿಟ್ಟಿರಿ" ಅನ್ನುವವರ ಗಾಡಿಯೇ ತಿಂಗಳಲ್ಲಿ ನನ್ನ ಹತ್ತಿರ ವಾಪಸ್ ಬರುವುದು.