ಅಗ್ರಾನಮಿಯಲ್ಲಿ ಎಂಎಸ್ಸಿ ಮಾಡಲಾ, ಸುಮ್ನೆ ಎಒ (ಕೃಷಿ ಅಧಿಕಾರಿ) ಪರೀಕ್ಷೆಗೆ ಓದಲಾ?

ಬಿಳಿಜೋಳ ಬರೆದದ್ದು:
ಸೀನಿಯರ್‌ಗಳಿಗೆಲ್ಲ ನಮಸ್ಕಾರ. ಬಿಎಸ್ಸಿ ಅಗ್ರಿ ಕೊನೇ ವರ್ಷದಲ್ಲಿದ್ದೇನೆ, ರಾವೆ (ಹಳ್ಳಿಯಲ್ಲಿದ್ದು ಮಾಡುವ ಕೃಷಿ ಅನುಭವದ ತರಬೇತಿ) ಈಗಷ್ಟೇ ಮುಗಿಯಿತು. ಹಾವೇರಿ ಕಡೆಯವಳು, ಮನೆಯಲ್ಲಿ ಮಳೆ ನಂಬಿದ ಹೊಲ, ಮೆಕ್ಕೆಜೋಳ ಮತ್ತು ಹತ್ತಿ. ಎಂಎಸ್ಸಿಗೆ ಬೇಸಾಯಶಾಸ್ತ್ರವನ್ನೇ (ಅಗ್ರಾನಮಿ) ತಗೋಬೇಕು ಅಂತಿದ್ದೇನೆ. ಹಾಸ್ಟೆಲ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಗ್ರಾನಮಿ ಅಂದ್ರೆ ಬಿಸಿಲಲ್ಲಿ ಕಳೆ ಎಣಿಸೋದು, ಜೆನೆಟಿಕ್ಸ್ ತಗೋ ಬೀಜದ ಕಂಪನಿಯವರು ಕರೀತಾರೆ ಅಂತಾರೆ. ಅಪ್ಪನಿಗೆ ನಾನು ಕೆಪಿಎಸ್‌ಸಿ ಬರೆದು ಕೃಷಿ ಅಧಿಕಾರಿ ಆದರೆ ಸಾಕು. ಐಸಿಎಆರ್ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಪ್ರವೇಶ ಪರೀಕ್ಷೆ ಬರೆದು ಹೊರರಾಜ್ಯಕ್ಕೆ ಹೋಗುವುದು ಒಳ್ಳೆಯದಾ, ಇಲ್ಲಿ ಧಾರವಾಡ ಕೃಷಿ ವಿವಿಯೋ ಬೆಂಗಳೂರು ಕೃಷಿ ವಿವಿಯ ಜಿಕೆವಿಕೆಯೋ ಸಾಕಾ? ಎರಡು ವರ್ಷ ನಿಜವಾಗಿ ಹೇಗಿರುತ್ತೆ?

ಕುಂಟೆಕೂರಿಗೆ ಬರೆದದ್ದು:
ತಂಗಿ, ಹಾಸ್ಟೆಲ್‌ನವರು ಹೇಳಿದ್ದು ಸುಳ್ಳೇನಲ್ಲ, ಕಳೆ ಎಣಿಸಲೇಬೇಕು. ನಾನು ಎಂಎಸ್ಸಿ ಮುಗಿಸಿ ಈಗ ಪಿಎಚ್‌ಡಿ ಮಾಡುತ್ತಿದ್ದೇನೆ, ಇದೇ ವಿಷಯ.

ಈಗಿನ ಪಠ್ಯಕ್ರಮದಲ್ಲಿ ಒಟ್ಟು 70 ಕ್ರೆಡಿಟ್. ಅದರಲ್ಲಿ 30 ಥೀಸಿಸ್‌ಗೇ ಹೋಗುತ್ತೆ, ಮೇಜರ್ ಕೋರ್ಸ್‌ಗಳಿಗೆ 20, ಉಳಿದದ್ದು ಮೈನರ್, ಸಪೋರ್ಟಿಂಗ್, ಸೆಮಿನಾರ್ ಅಂತ ಹಂಚಿಹೋಗುತ್ತೆ. ಅಂದ್ರೆ ಹೆಚ್ಚುಕಡಿಮೆ ಅರ್ಧ ಡಿಗ್ರಿ ಹೊಲದಲ್ಲೇ ಇದೆ. ಮೊದಲ ವರ್ಷ ಕ್ಲಾಸು, ಪರೀಕ್ಷೆ, ಜೊತೆಗೆ ಸಿನಾಪ್ಸಿಸ್ (ಥೀಸಿಸ್ ಪ್ರಯೋಗದ ಯೋಜನೆ) ತಯಾರಿ. ಬಿತ್ತನೆಗೆ ಮುಂಚೆ ಸಿನಾಪ್ಸಿಸ್ ಒಪ್ಪಿಗೆ ಆಗಿರಬೇಕು, ಪ್ಲಾಟ್ ಸಿಕ್ಕಿರಬೇಕು, ಬಿತ್ತುವ ಮುಂಚಿನ ಮಣ್ಣಿನ ಸ್ಯಾಂಪಲ್ ತೆಗೆದಿರಬೇಕು. ಆಮೇಲೆ ಪ್ರತಿ ಪ್ಲಾಟಿನಲ್ಲಿ ಗಿಡಗಳಿಗೆ ಟ್ಯಾಗ್ ಕಟ್ಟಿ 30, 60, 90 ದಿನಕ್ಕೆ ಎತ್ತರ, ಎಲೆ ವಿಸ್ತೀರ್ಣ, ಒಣ ತೂಕ ಅಂತ ತೆಗೀತಾ ಹೋಗೋದು, ಕಳೆ ಪ್ರಯೋಗವಾದರೆ ಕ್ವಾಡ್ರಾಟ್ (ಅಳತೆಯ ಚೌಕಟ್ಟು) ಇಟ್ಟು ಜಾತಿವಾರು ಎಣಿಕೆ. ಕೊಯ್ಲಾದ ಮೇಲೂ ಮುಗಿಯಲ್ಲ, ಲ್ಯಾಬಿನಲ್ಲಿ ಸಾರಜನಕ ರಂಜಕ ಪೊಟ್ಯಾಶ್ ಎಲ್ಲ ನೋಡಬೇಕು, ಅನೋವಾ (ವ್ಯತ್ಯಾಸ ನಿಜವೇ ಎಂದು ನೋಡುವ ಅಂಕಿಅಂಶ ಪರೀಕ್ಷೆ) ಹಾಕಬೇಕು, ಖರ್ಚು ಆದಾಯ ಲೆಕ್ಕ ಹಾಕಬೇಕು.

ಇದರಲ್ಲಿ ನಿಮ್ಮ ಕೈಯಲ್ಲಿ ಇಲ್ಲದ್ದು ಮಳೆ. ಜೆನೆಟಿಕ್ಸ್‌ನವರಿಗೂ ಹೊಲ ಇರುತ್ತೆ, ಅವರೇನೂ ಎಸಿಯಲ್ಲಿ ಕೂತಿರಲ್ಲ, ಅದು ಹಾಸ್ಟೆಲ್ ಕಥೆ. ಆದರೆ ಮಳೆಯಾಶ್ರಿತ ಬೆಳೆಯಲ್ಲಿ ಗೊಬ್ಬರದ ಪ್ರಯೋಗ ಹಾಕಿ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಯಾವ ಟ್ರೀಟ್‌ಮೆಂಟಿಗೂ (ಹೋಲಿಸಿ ನೋಡುವ ಉಪಚಾರ) ವ್ಯತ್ಯಾಸ ಕಾಣಲ್ಲ. ಆಗ ಇನ್ನೊಂದು ಹಂಗಾಮು ಕಾಯಬೇಕಾಗಬಹುದು. ಇದಕ್ಕೆ ತಯಾರಿದ್ದರೆ ಮಾತ್ರ ಬನ್ನಿ.

ಎಲ್ಲಿ ಅಂತ ಕೇಳಿದಿರಲ್ಲ, ರ‍್ಯಾಂಕಿಂಗ್ ನೋಡುವುದಕ್ಕಿಂತ ಯಾವ ಬೆಳೆ, ಯಾವ ಮಣ್ಣಿನಲ್ಲಿ ಕೆಲಸ ಮಾಡಬೇಕು ಅಂತ ಮೊದಲು ನೋಡಿ. ಜಿಕೆವಿಕೆ ಅಂದ್ರೆ ಕೆಂಪು ಮಣ್ಣು, ರಾಗಿ. ಧಾರವಾಡ ಅಂದ್ರೆ ಎರೆ, ಅಲ್ಲಿ ಹತ್ತಿ, ಸೋಯಾ, ಜೋಳ, ಕಡಲೆ. ಒಣಬೇಸಾಯದ ಕೆಲಸಕ್ಕೆ ಅವರದೇ ವಿಜಯಪುರ ಕೇಂದ್ರ ಇದೆ. ರಾಯಚೂರು ಕೃಷಿ ವಿವಿಯವರಿಗೆ ತೊಗರಿ, ಜೊತೆಗೆ ತುಂಗಭದ್ರಾ ಅಚ್ಚುಕಟ್ಟಿನ ಭತ್ತ, ಗಂಗಾವತಿ ಕಡೆ ಸವಳು ಮಣ್ಣಿನ ಸಮಸ್ಯೆ. ನಿಮ್ಮ ಹೊಲದ ಪ್ರಶ್ನೆ ತಲೆಯಲ್ಲಿದ್ದರೆ ಧಾರವಾಡ ಬಿಟ್ಟು ಪಂಜಾಬಿಗೆ ಹೋಗಿ ಭತ್ತ-ಗೋಧಿ ಮಾಡುವುದು ಯಾಕೆ ಹೇಳಿ?

ಆದರೂ ಐಸಿಎಆರ್ ಪರೀಕ್ಷೆ ಬರೆದೇ ಬರೆಯಿರಿ. 120 ಪ್ರಶ್ನೆ, ಸರಿಯಾದರೆ 4 ಅಂಕ, ತಪ್ಪಾದರೆ 1 ಕಳೀತಾರೆ. ಒಳ್ಳೆ ರ‍್ಯಾಂಕ್ ಬಂದರೆ ತಿಂಗಳಿಗೆ 12,640 ರೂಪಾಯಿ ಸ್ಕಾಲರ್‌ಶಿಪ್ ಇರುತ್ತೆ, ಅದು ಸಿಗದೆ ಹೊರರಾಜ್ಯಕ್ಕೆ ಹೋದವರಿಗೆ 5,000ದ ಇನ್ನೊಂದು. ಮೊತ್ತ, ಷರತ್ತು ಈ ವರ್ಷದ ಪ್ರಕಟಣೆಯಲ್ಲಿ ಒಮ್ಮೆ ನೋಡಿಕೊಳ್ಳಿ. ದೆಹಲಿಯ ಪೂಸಾ (ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ) ಸಿಕ್ಕರೆ ಮಾತ್ರ ನಾನು ಹೇಳಿದ್ದೆಲ್ಲ ಮರೆತು ಹೋಗಿ ಸೇರಿ.

ಆರ್‌ಎಸ್‌ಕೆ_ಹುಡುಗ ಬರೆದದ್ದು:
ನಾನು ರೈತ ಸಂಪರ್ಕ ಕೇಂದ್ರದಲ್ಲಿ (ಆರ್‌ಎಸ್‌ಕೆ) ಸಹಾಯಕ ಕೃಷಿ ಅಧಿಕಾರಿ, ಅದಕ್ಕೆ ನಿಮ್ಮ ಅಪ್ಪನ ಪರವಾಗಿ ಎರಡು ಮಾತು. ಎಒ, ಎಎಒ ಎರಡಕ್ಕೂ ಬಿಎಸ್ಸಿ ಸಾಕು. ಎಂಎಸ್ಸಿ ಇದ್ದರೂ ಕೂರುವುದು ಅದೇ ಕುರ್ಚಿ, ಮಾಡುವುದು ಅದೇ ಬೀಜ ವಿತರಣೆ, ಬೆಳೆ ಸಮೀಕ್ಷೆ, ವಿಮೆ ಅರ್ಜಿ. 2024ರಲ್ಲಿ ಕೆಪಿಎಸ್‌ಸಿ ಎರಡೂ ಸೇರಿ 945 ಹುದ್ದೆ ಕರೆದಿತ್ತು, ಅಂಥದ್ದು ವರ್ಷ ವರ್ಷ ಬರಲ್ಲ. ಬ್ಯಾಂಕಿನ ಅಗ್ರಿ ಫೀಲ್ಡ್ ಆಫೀಸರ್‌ಗೂ ಬಿಎಸ್ಸಿ ಸಾಕು, ಅದನ್ನೂ ಬರೀರಿ.

ಬೇಜಾರಾಗೋದು ಏನಂದ್ರೆ ಅಧಿಸೂಚನೆ ಬರುವ ತನಕ ಹಾಸ್ಟೆಲ್ ರೂಮ್ ಸಿಗುತ್ತೆ ಅಂತ ಎಂಎಸ್ಸಿ ಸೇರುವವರು ಜಾಸ್ತಿ. ಅವರ ಥೀಸಿಸ್ಸೂ ನೆಟ್ಟಗಾಗಲ್ಲ, ಪರೀಕ್ಷೆಯೂ ಆಗಲ್ಲ. ಬೆಳಿಗ್ಗೆ ಪ್ಲಾಟಿಗೆ ನೀರು ಬಿಟ್ಟು ಮಧ್ಯಾಹ್ನ ಸಂವಿಧಾನ ಓದ್ತೀನಿ ಅನ್ನೋದು ಹೇಳೋಕೆ ಚೆಂದ.

ಮಜ್ಜಿಗೆಹುಳಿ ಬರೆದದ್ದು:
ಮೇಲಿನವರು ಸರ್ಕಾರಿ ಕೆಲಸ ಅಂದರೆ ಆರ್‌ಎಸ್‌ಕೆ ಒಂದೇ ಅನ್ನೋ ಥರ ಬರೆದಿದ್ದಾರೆ. ಕೆವಿಕೆಯಲ್ಲಿ (ಕೃಷಿ ವಿಜ್ಞಾನ ಕೇಂದ್ರ) ವಿಷಯ ತಜ್ಞರಾಗಲು ಎಂಎಸ್ಸಿ ಬೇಕೇ ಬೇಕು. ಪಾಠ ಮಾಡುವ ಆಸೆ ಇದ್ದರೆ ಎಎಸ್‌ಆರ್‌ಬಿ ನೆಟ್ (ಕೃಷಿ ವಿವಿ ಅಧ್ಯಾಪಕರ ಅರ್ಹತಾ ಪರೀಕ್ಷೆ), ಅದಕ್ಕೂ ಎಂಎಸ್ಸಿ. ಕಂಪನಿಯವರು ಅಗ್ರಾನಮಿಯವರನ್ನು ತಗೋಳಲ್ಲ ಅನ್ನೋದೂ ತಪ್ಪು, ಕಳೆನಾಶಕ, ಗೊಬ್ಬರ, ಡ್ರಿಪ್ ಕಂಪನಿಗಳಿಗೆ ಹೊಲದಲ್ಲಿ ಟ್ರಯಲ್ ಹಾಕಿ ಡೇಟಾ ಓದಬಲ್ಲವರು ಬೇಕು. ಸೇಲ್ಸಿಗೆ ಹಾಕಿ ಟಾರ್ಗೆಟ್ ಕೊಡೋದೂ ಇದೆ, ಸೇರುವ ಮುಂಚೆ ಯಾವ ಹುದ್ದೆ ಅಂತ ಬಾಯಿಬಿಟ್ಟು ಕೇಳಿ. ಇನ್ನೊಂದು, ಯಾವುದಾದರೂ ಖಾಸಗಿ ವಿವಿ ಸುಲಭವಾಗಿ ಸೀಟು ಕೊಡುತ್ತೆ ಅಂತ ಕರೆದರೆ ಐಸಿಎಆರ್ ಮಾನ್ಯತೆ ಇದೆಯಾ, ಯಾವ ವರ್ಷದ ತನಕ ಇದೆ, ಪ್ರಯೋಗಕ್ಕೆ ಸ್ವಂತ ಹೊಲ ಇದೆಯಾ ನೋಡದೆ ದುಡ್ಡು ಕಟ್ಟಬೇಡಿ.

ಬಿಳಿಜೋಳ ಬರೆದದ್ದು:
ತುಂಬಾ ಥ್ಯಾಂಕ್ಸ್. ಕೆವಿಕೆ ಕೆಲಸ ನನಗೆ ನಿಜಕ್ಕೂ ಇಷ್ಟ, ರಾವೆಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಕುಂಟೆಕೂರಿಗೆ ಅಣ್ಣ, ಗೈಡ್ ಆಯ್ಕೆ ನಮ್ಮ ಕೈಯಲ್ಲಿ ಇರುತ್ತಾ? ಥೀಸಿಸ್ ವಿಷಯ ನಾನೇ ತರಬಹುದಾ?

ಕುಂಟೆಕೂರಿಗೆ ಬರೆದದ್ದು:
ಪೂರ್ತಿ ಇರಲ್ಲ. ಗೈಡನ್ನು ವಿಭಾಗದವರೇ ಹಂಚುವುದು ಜಾಸ್ತಿ, ಆದರೂ ಸೇರಿದ ವಾರದಲ್ಲೇ ಹೋಗಿ ಮಾತಾಡಿಸಿದರೆ ನಿಮ್ಮ ಆಸಕ್ತಿ ಕೇಳಿಸಿಕೊಳ್ಳುತ್ತಾರೆ. ಹೋಗುವ ಮುಂಚೆ ಅವರ ಹಿಂದಿನ ವಿದ್ಯಾರ್ಥಿಗಳ ಥೀಸಿಸ್‌ಗಳನ್ನು ಲೈಬ್ರರಿಯಲ್ಲಿ ತೆಗೆದು ನೋಡಿ, ಆ ಹುಡುಗರನ್ನೂ ಕೇಳಿ, ಡ್ರಾಫ್ಟ್ ಎಷ್ಟು ದಿನಕ್ಕೆ ತಿದ್ದಿ ಕೊಡ್ತಾರೆ ಅಂತ. ಅದು ಎಲ್ಲಕ್ಕಿಂತ ಮುಖ್ಯ, ನಗಬೇಡಿ. ವಿಷಯ ತರಬಹುದು, ಆದರೆ ಪ್ರಾಜೆಕ್ಟ್ ದುಡ್ಡಿರುವ ಗೈಡ್ ಆದರೆ ಆ ಪ್ರಾಜೆಕ್ಟಿನ ಒಂದು ತುಂಡು ನಿಮಗೆ ಬರುತ್ತೆ. ಅದು ಕೆಟ್ಟದ್ದಲ್ಲ, ಆಳು ಕೂಲಿ ಮತ್ತು ಲ್ಯಾಬ್ ಖರ್ಚು ನಿಮ್ಮ ಕೈಯಿಂದ ಹೋಗಲ್ಲ. ಸ್ವಂತ ವಿಷಯವೇ ಬೇಕಾದರೆ ಮೆಕ್ಕೆಜೋಳದಲ್ಲಿ ತೊಗರಿ ಅಂತರಬೆಳೆ ಥರದ್ದು, ಒಂದೇ ಹಂಗಾಮಿನಲ್ಲಿ ಮುಗಿಯುವಂಥದ್ದು ಯೋಚಿಸಿ, ಸಾಧ್ಯವಾದರೆ ಮಳೆ ಕೈಕೊಟ್ಟಾಗ ಒಂದು ರಕ್ಷಣಾ ನೀರಾವರಿ ಕೊಡೋಕೆ ಆಗುವ ಪ್ಲಾಟ್ ಕೇಳಿ ಪಡೆಯಿರಿ.