ಸೊಂಟದ ಆಪರೇಷನ್ ಆದ ಅಮ್ಮ: ಸಂಜೆಯ ಗೊಂದಲ, ಏಳಲು ಭಯ

ಕೇಳಿದ್ದು: ಅಮ್ಮನಿಗೆ 74 ವರ್ಷ. ಬಚ್ಚಲಲ್ಲಿ ಜಾರಿ ತೊಡೆಮೂಳೆಯ ಕತ್ತು ಮುರಿಯಿತು. ಸೊಂಟದ ಕೀಲಿನ ಚೆಂಡು ಬದಲಾಯಿಸಿ ನಾಲ್ಕು ದಿನ ಆಯಿತು. ಹಗಲು ಪರವಾಗಿಲ್ಲ, ಸಂಜೆಯಾದರೆ ನಮ್ಮನ್ನೇ ಗುರುತಿಸುವುದಿಲ್ಲ, ಡ್ರಿಪ್ ಕೀಳುತ್ತಾರೆ. ಎದ್ದು ನಿಲ್ಲಲು ಭಯ, ಊಟ ಎರಡು ತುತ್ತು. ಎರಡು ದಿನದಲ್ಲಿ ಡಿಸ್ಚಾರ್ಜ್ ಅಂತೆ. ಗೊತ್ತಿರುವವರು ದಯವಿಟ್ಟು ಹೇಳಿ.

ಸರ್ಜಿಕಲ್ ವಾರ್ಡಿನ ನರ್ಸ್:
ಆ ಗೊಂದಲಕ್ಕೆ ಡೆಲಿರಿಯಂ ಅನ್ನುತ್ತಾರೆ. ಈ ವಯಸ್ಸಿನಲ್ಲಿ ಸೊಂಟದ ಆಪರೇಷನ್ ಆದಮೇಲೆ ಸಾಮಾನ್ಯ. ಹುಚ್ಚಲ್ಲ, ಮರೆವಿನ ಕಾಯಿಲೆ ಶುರುವಾಯಿತು ಎಂದೂ ಅಲ್ಲ. ಮೈಯಲ್ಲಿ ಇನ್ನೇನೋ ಏರುಪೇರಾಗಿದೆ ಎಂಬ ಸೂಚನೆ. "ವಯಸ್ಸಾಯಿತಲ್ಲ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ರೌಂಡ್ಸ್‌ಗೆ ಬಂದಾಗ ಒಂದೊಂದಾಗಿ ಕೇಳಿ: ಸೋಡಿಯಂ ಎಷ್ಟಿದೆ, ಮೂತ್ರದಲ್ಲಿ ಅಥವಾ ಎದೆಯಲ್ಲಿ ಸೋಂಕು ಇದೆಯೇ, ಮೂತ್ರ ಕಟ್ಟಿದೆಯೇ, ಆಕ್ಸಿಜನ್ ಸರಿಯಿದೆಯೇ, ಮೋಷನ್ ಆಗಿ ಎಷ್ಟು ದಿನವಾಯಿತು, ನಿದ್ರೆ ಮಾತ್ರೆ ಏನಾದರೂ ಕೊಡುತ್ತಿದ್ದಾರೆಯೇ. ನೋವು ಹೆಚ್ಚಿದ್ದರೂ ಗೊಂದಲ ಬರುತ್ತದೆ, ಟ್ರಮಡಾಲ್‌ನಂಥ ನೋವಿನ ಔಷಧದಿಂದಲೂ ಬರುತ್ತದೆ. ಹಾಗಾಗಿ ನೀವೇ ಯಾವುದನ್ನೂ ನಿಲ್ಲಿಸಬೇಡಿ.

ಕನ್ನಡಕ, ಕಿವಿಯ ಮಿಷನ್, ಹಲ್ಲಿನ ಸೆಟ್ ಇವತ್ತೇ ಮನೆಯಿಂದ ತರಿಸಿ. ಕಾಣದೆ, ಕೇಳಿಸದೆ ಇದ್ದರೆ ಗೊಂದಲ ದುಪ್ಪಟ್ಟು. ಹಗಲು ಪರದೆ ತೆಗೆದಿಡಿ, ರಾತ್ರಿ ಸಣ್ಣ ದೀಪ ಸಾಕು. ಇಲ್ಲದವರು ಬಂದಿದ್ದಾರೆ ಅಂದರೆ ವಾದ ಮಾಡಬೇಡಿ. "ನಾನಿದ್ದೀನಮ್ಮ, ಇದು ಆಸ್ಪತ್ರೆ" ಎಂದು ಕೈ ಹಿಡಿದು ಹೇಳಿ. ಕೈ ಕಟ್ಟಿದರೆ ಒದ್ದಾಟ ಹೆಚ್ಚುತ್ತದೆ. ಒಂದು ಎಚ್ಚರಿಕೆ: ಗಲಾಟೆ ಮಾಡದೆ ಮಂಪರಿನಲ್ಲಿ ಬಿದ್ದಿರುವುದೂ ಡೆಲಿರಿಯಂ ಇರಬಹುದು. "ಪಾಪ, ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ" ಎಂದುಕೊಂಡು ಗಮನಿಸದೆ ಬಿಡುವುದು ಅದನ್ನೇ.

ಫಿಸಿಯೊಥೆರಪಿಸ್ಟ್:
ಭಯಕ್ಕೆ ಅರ್ಧ ಕಾರಣ ನೋವು. ನೋವಿನ ಮಾತ್ರೆ ಕೊಟ್ಟು ಮುಕ್ಕಾಲು ಗಂಟೆ ಬಿಟ್ಟು ಏಳಿಸಿ. ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಲಿ, ತಲೆ ಸುತ್ತದಿದ್ದರೆ ಮಾತ್ರ ಎಬ್ಬಿಸಿ ನಿಲ್ಲಿಸಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಭುಜ ಉಳುಕುತ್ತದೆ. ವಾಕರ್‌ನ ಹಿಡಿಕೆ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು. ಎಷ್ಟು ಭಾರ ಹಾಕಬಹುದೆಂದು ಸರ್ಜನ್ ಹತ್ತಿರ ಬರೆಸಿಕೊಳ್ಳಿ.

ಹಿಂಬದಿಯಿಂದ ಕೊಯ್ದು ಆಪರೇಷನ್ ಮಾಡಿದ್ದರೆ ಸೊಂಟ 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಬಾರದು. ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಆ ಕುರ್ಚಿ ತಗ್ಗಾಯಿತು ಎಂದರ್ಥ. ತಗ್ಗಿನ ಸೋಫಾ, ನೆಲ, ಇಂಡಿಯನ್ ಟಾಯ್ಲೆಟ್ ಮೂರೂ ಬೇಡ. ಕಮೋಡ್ ಚೇರ್ ಡಿಸ್ಚಾರ್ಜ್‌ಗೆ ಮೊದಲೇ ಮನೆಗೆ ಬಂದಿರಲಿ.

ಮನೆ ಆರೈಕೆ ಮಾಡುವವರು:
ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕಾಲುಗಳ ನಡುವೆ ದಿಂಬು ಇಟ್ಟೇ ಹೊರಳಿಸಿ. ಹಿಮ್ಮಡಿ ಮರೆತುಹೋಗುವ ಜಾಗ: ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾಗದೆ ಕೆಂಪಾಗೇ ಉಳಿದರೆ ಹುಣ್ಣಿನ ಶುರು. ಅಲ್ಲಿ ತಿಕ್ಕಬೇಡಿ, ಭಾರ ಬೀಳಿಸಬೇಡಿ. ಏರ್ ಬೆಡ್ ಇದ್ದರೂ ಹೊರಳಿಸುವುದು ತಪ್ಪದು.

ಉಸಿರಾಟದ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್ ಊದುವುದಲ್ಲ, ಉಸಿರು ಒಳಕ್ಕೆ ಎಳೆಯುವುದು. ಎಚ್ಚರವಿದ್ದಾಗ ಗಂಟೆಗೆ ಹತ್ತು ಸಲ.

ಆಹಾರ ತಜ್ಞೆ:
ಗಂಜಿ, ತಿಳಿಸಾರು ಅನ್ನದಿಂದ ಗಾಯ ಮಾಯುವಷ್ಟು ಪ್ರೋಟೀನ್ ಸಿಗುವುದಿಲ್ಲ. 50 ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 60 ಗ್ರಾಂ ಬೇಕು. ಕಿಡ್ನಿ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ. ಗಂಜಿಗೆ ಹುರಿಗಡಲೆ ಹಿಟ್ಟು ಬೆರೆಸಿ, ತೊವ್ವೆ ಗಟ್ಟಿಯಾಗಿರಲಿ. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ. ಪೂರ್ತಿ ಕೂರಿಸಿಯೇ ತಿನ್ನಿಸಿ. ಮಂಪರಿನಲ್ಲಿದ್ದಾಗ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ನರ್ಸ್ ಮತ್ತೆ:
ರಕ್ತ ಹೆಪ್ಪುಗಟ್ಟದಿರಲು ಕೊಡುವ ಇಂಜೆಕ್ಷನ್ ಅಥವಾ ಮಾತ್ರೆ ಮನೆಗೆ ಹೋದಮೇಲೂ ಸಾಮಾನ್ಯವಾಗಿ ತಿಂಗಳವರೆಗೆ ಇರುತ್ತದೆ. ಎಲ್ಲಿಯವರೆಗೆ ಎಂದು ತಾರೀಖು ಕೇಳಿಕೊಳ್ಳಿ. ಮೂಳೆ ಸವೆತಕ್ಕೆ ಚಿಕಿತ್ಸೆ ಯಾವಾಗ ಶುರು ಎಂದೂ ಕೇಳಿ, ಇದು ಬಿಟ್ಟುಹೋಗುವುದೇ ಹೆಚ್ಚು. ಒಂದೇ ಮೀನಖಂಡ ಊದಿದರೆ, ಗಾಯದಿಂದ ಕೀವು ಬಂದರೆ, ಜ್ವರ 100.4 ದಾಟಿದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಏಕಾಏಕಿ ಉಸಿರು ಕಟ್ಟಿದರೆ, ಅಥವಾ ತಡೆಯಲಾಗದ ನೋವಿನ ಜೊತೆ ಕಾಲು ಗಿಡ್ಡವಾದಂತೆ ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.