ಪದಚರ್ಚೆ: ಠರಾವಿನಲ್ಲಿ ‘ಉಚಿತ ತಂತ್ರಾಂಶ’ವೋ ‘ಮುಕ್ತ ತಂತ್ರಾಂಶ’ವೋ?

ಪ್ರಶ್ನೆ (ಧಾರವಾಡ)

ಸಹಕಾರಿ ಸಂಘವೊಂದರ ಠರಾವಿನ ಕರಡಿನಲ್ಲಿ ಹೀಗಿದೆ: “ಸಂಘದ ಗಣಕಯಂತ್ರಗಳಲ್ಲಿ ವಾಣಿಜ್ಯ ತಂತ್ರಾಂಶಗಳ ಬದಲು ಉಚಿತ ಕಚೇರಿ ತಂತ್ರಾಂಶ ಬಳಸತಕ್ಕದ್ದು. ಪತ್ರಗಳನ್ನು ಮುಕ್ತ ನಮೂನೆಯಲ್ಲಿ ಇಡತಕ್ಕದ್ದು.” ಉದ್ದೇಶಿಸಿರುವುದು ಪತ್ರ, ಲೆಕ್ಕದ ಹಾಳೆ ಮಾಡುವ ಲಿಬ್ರೆಆಫೀಸ್. ಇಲ್ಲಿ ‘ಉಚಿತ’ ಸರಿಯೆ? ‘ಮುಕ್ತ’, ‘ಸ್ವತಂತ್ರ’ ಎಂದೂ ಬರೆಯುತ್ತಾರೆ. ಅದಕ್ಕೆ ವಿರುದ್ಧ ಪದ ‘ವಾಣಿಜ್ಯ’ವೇ? ಫಾರ್ಮ್ಯಾಟ್ ಎನ್ನಲು ‘ನಮೂನೆ’ ನಡೆದೀತೆ?

ಉತ್ತರ (ಹುಬ್ಬಳ್ಳಿ)

‘ಉಚಿತ’ ತಪ್ಪಲ್ಲ, ಆದರೆ ಸಾಲದು. ಠರಾವಿನಲ್ಲಿ ಸಾಲದ ಪದ ತಪ್ಪು ಪದದಷ್ಟೇ ತೊಂದರೆ ಕೊಡುತ್ತದೆ. ‘ಉಚಿತ’ ಎಂದಷ್ಟೇ ಬರೆದರೆ ಯಂತ್ರ ಸಜ್ಜು ಮಾಡಲು ಬಂದವರು ಹೊಸ ಲ್ಯಾಪ್‌ಟಾಪಿನ ಜೊತೆ ಬರುವ, ಗಡುವು ಮುಗಿದೊಡನೆ ತಿದ್ದಲು ಬಿಡದ ಪ್ರಯೋಗ ಪ್ರತಿಯನ್ನು ಹಾಗೇ ಉಳಿಸಬಹುದು. ಡಬ್ಲ್ಯೂಪಿಎಸ್ ಆಫೀಸಿನಂಥದ್ದನ್ನು ಹಾಕಬಹುದು: ಕಾಸಿಲ್ಲದೆ ಸಿಗುತ್ತದೆ, ಆದರೆ ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಮುಚ್ಚಿದೆ. ಗೂಗಲ್ ಡಾಕ್ಸ್ ತೋರಿಸಬಹುದು: ಅದು ದೂರದ ಸರ್ವರಿನಲ್ಲಿ ನಡೆಯುವ ಸೇವೆ. ಕೀಲಿ ಒಡೆದ ಕಳ್ಳಪ್ರತಿ ಹಾಕಿದರೂ ‘ಹಣ ಕೊಟ್ಟಿಲ್ಲವಲ್ಲ’ ಎನ್ನಬಹುದು. ಇವೆಲ್ಲವೂ ನಿಮ್ಮ ಠರಾವಿನ ಅಕ್ಷರಕ್ಕೆ ಹೊಂದುತ್ತವೆ, ಉದ್ದೇಶಕ್ಕೆ ಒಂದೂ ಹೊಂದುವುದಿಲ್ಲ.

ಇನ್ನು ಪದದ ಮಾತು. ಸಂಸ್ಕೃತದಲ್ಲಿ ‘ಉಚಿತ’ ಎಂದರೆ ತಕ್ಕದ್ದು, ಯೋಗ್ಯವಾದದ್ದು. ಆ ಅರ್ಥ ಕನ್ನಡದಲ್ಲಿ ಔಚಿತ್ಯ, ಸಮಯೋಚಿತ, ಅನುಚಿತ ಎಂಬಲ್ಲಿ ಇನ್ನೂ ಜೀವಂತವಾಗಿದೆ. ಬಿಡಿಯಾಗಿ ಬಳಸಿದಾಗ ಮಾತ್ರ ಅದು ಹೆಚ್ಚಾಗಿ ಬೆಲೆಯ ಮಾತಾಗಿದೆ. ನಮ್ಮ ಕಡೆ ಆಡುಮಾತಿನಲ್ಲಿ ಅದೇ ಅರ್ಥಕ್ಕೆ ಪುಕ್ಕಟೆ, ಬಿಟ್ಟಿ, ಧರ್ಮಾರ್ಥ ಇವೆ. ಪುಕ್ಕಟೆಗೆ ಮರಾಠಿಯ ‘ಫುಕಟ’ದ ನಂಟು. ಬಿಟ್ಟಿ ಬಂದದ್ದು ‘ವಿಷ್ಟಿ’ಯಿಂದ, ಅಂದರೆ ಕೂಲಿ ಕೊಡದೆ ಮಾಡಿಸಿಕೊಂಡ ದುಡಿಮೆ. ಲಿಬ್ರೆಆಫೀಸಿಗೆ ಈ ಪದವನ್ನಂತೂ ಅಂಟಿಸಬೇಡಿ. ಅದನ್ನು ಬರೆಯುವವರಲ್ಲಿ ಸ್ವಇಚ್ಛೆಯಿಂದ ದುಡಿಯುವವರೂ ಸಂಬಳ ಪಡೆಯುವ ಎಂಜಿನಿಯರುಗಳೂ ಇದ್ದಾರೆ, ಬಿಟ್ಟಿ ಚಾಕರಿಯವರು ಯಾರೂ ಇಲ್ಲ.

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದ ಬೆಲೆ, ಬಿಡುಗಡೆ ಎರಡನ್ನೂ ಹೊರುತ್ತದೆ. ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದಾಗಿನಿಂದ ಈ ಗೊಂದಲ ಬಿಡಿಸುವುದೇ ಒಂದು ಕೆಲಸವಾಗಿದೆ. ಅಲ್ಲಿ ‘ಫ್ರೀ’ ಎಂದರೆ ನಾಲ್ಕು ಹಕ್ಕು: ಯಾವ ಕೆಲಸಕ್ಕಾದರೂ ನಡೆಸುವುದು, ಒಳಗನ್ನು ಓದಿ ಬೇಕಾದಂತೆ ತಿದ್ದುವುದು, ಪ್ರತಿ ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು. ಬೆಲೆಯ ಮಾತು ಇದರಲ್ಲಿ ಎಲ್ಲೂ ಇಲ್ಲ. ಈ ಅರ್ಥವನ್ನು ಬಿಡಿಸಿ ಹೇಳಲು ಇಂಗ್ಲಿಷಿನವರು ಫ್ರೆಂಚ್, ಸ್ಪ್ಯಾನಿಶ್ ಕಡೆಯಿಂದ ‘ಲಿಬ್ರೆ’ಯನ್ನು ಎರವಲು ತಂದರು. 2010ರ ಸೆಪ್ಟೆಂಬರ್ 28ರಂದು ಓಪನ್ಆಫೀಸ್ ಎಂಬ ಕಚೇರಿ ತಂತ್ರಾಂಶದ ಬಳಗದಿಂದ ಬೇರೆಯಾದ ಯೋಜನೆಗೆ ಲಿಬ್ರೆಆಫೀಸ್ ಎಂಬ ಹೆಸರು ಬಂದದ್ದೂ ಆ ಅರ್ಥದಲ್ಲೇ. ನಮಗೆ ಎರವಲೇ ಬೇಡ. ಬೆಲೆಗೆ ಉಚಿತ, ಬಿಡುಗಡೆಗೆ ಮುಕ್ತ ಎಂದು ಎರಡು ಪದ ಮೊದಲಿನಿಂದಲೂ ಇವೆ. ಅವರ ಒಂದು ಪದದ ತೊಡಕನ್ನು ಅನುವಾದದಲ್ಲಿ ನಾವು ಕಟ್ಟಿಕೊಳ್ಳಬೇಕಾಗಿಲ್ಲ. ‘ಮುಕ್ತ ತಂತ್ರಾಂಶ’ ಎಂದೇ ಬರೆಯಿರಿ.

‘ಸ್ವತಂತ್ರ’ ಮಲಯಾಳಂನಲ್ಲಿ ಚೆನ್ನಾಗಿ ನೆಲೆನಿಂತಿದೆ. ಕನ್ನಡದಲ್ಲಿ ‘ಸ್ವತಂತ್ರ ತಂತ್ರಾಂಶ’ ಎಂದರೆ ಬೇರೆ ಯಾವುದನ್ನೂ ನೆಚ್ಚದೆ ತಾನೇ ನಡೆಯುವ ತಂತ್ರಾಂಶ ಎಂದು ಓದಿಕೊಳ್ಳುವವರು ಹೆಚ್ಚು. ‘ತಂತ್ರ’ ಎರಡು ಸಲ ಬಂದು ನಾಲಿಗೆಗೂ ಭಾರ. 1998ರಲ್ಲಿ ಚಲಾವಣೆಗೆ ಬಂದ ‘ಓಪನ್ ಸೋರ್ಸ್’ಗೆ ‘ಮುಕ್ತ ಆಕರ’ ಎನ್ನುವುದುಂಟು. ಲಿಬ್ರೆಆಫೀಸಿನ ಪರವಾನಗಿಯಾದ ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ 2.0 ಫ್ರೀ ಸಾಫ್ಟ್‌ವೇರ್, ಓಪನ್ ಸೋರ್ಸ್ ಎರಡೂ ಬಣಕ್ಕೆ ಒಪ್ಪಿಗೆಯಾದ್ದರಿಂದ ನಿಮಗೆ ಆ ಭೇದ ಬೇಡ.

ವಿರುದ್ಧ ಪದ ‘ವಾಣಿಜ್ಯ’ ಅಲ್ಲವೇ ಅಲ್ಲ. ಮುಕ್ತ ತಂತ್ರಾಂಶವನ್ನೂ ಮಾರಬಹುದು. ಕೊಲಾಬೊರಾ, ರೆಡ್ ಹ್ಯಾಟ್ ಕಂಪನಿಗಳು ಅದರಿಂದಲೇ ವ್ಯಾಪಾರ ಮಾಡುತ್ತಿವೆ. ‘ಖಾಸಗಿ’ಯೂ ಬೇಡ. ಅದು ಸ್ವಂತದ್ದು, ಗುಟ್ಟಿನದು ಎಂಬ ಕಡೆ ಎಳೆಯುತ್ತದೆ. ರೂಢಿಯಲ್ಲಿರುವ ‘ಸ್ವಾಮ್ಯದ ತಂತ್ರಾಂಶ’ ಸರಿ. ಆದರೆ ಕೊಂಡವರಿಗೇ ಸ್ವಾಮ್ಯ ಬಂತು ಎಂದು ತಿಳಿಯುವ ಅಪಾಯವಿದೆ. ಸದಸ್ಯರಿಗೆ ವಿವರಿಸುವಾಗ ನಮ್ಮ ಹೊಲಮನಿಯ ಮಾತೇ ಸಾಕು: ಮಾಲ್ಕಿ (ಒಡೆತನ) ಕಂಪನಿಯದು, ನಮ್ಮದು ಲಾವಣಿ (ಗೇಣಿ). ಚಂದಾ ಕಟ್ಟುವುದು ವರ್ಷದ ಲಾವಣಿ. ಒಂದೇ ಸಲ ದುಡ್ಡು ಕೊಟ್ಟು ತರುವುದು ಕಾಯಂ ಲಾವಣಿ, ಅದೂ ಮಾಲ್ಕಿಯಲ್ಲ. ಮೈಕ್ರೋಸಾಫ್ಟ್ 365ರ ಚಂದಾ ಮುಗಿದರೆ ಯಂತ್ರದಲ್ಲಿರುವ ಆ ತಂತ್ರಾಂಶದಲ್ಲಿ ಕಡತ ತೆರೆದು ಓದಬಹುದು, ಮುದ್ರಿಸಬಹುದು, ತಿದ್ದಲು ಬರುವುದಿಲ್ಲ. ಬೆಳೆ ನಮ್ಮದೇ, ಹೊಲದೊಳಗೆ ಕೂರಿಗೆ ಹೂಡುವಂತಿಲ್ಲ.

ಉತ್ತರ (ಗದಗ)

‘ನಮೂನೆ’ ಬೇಡ. ಕಚೇರಿಗಳಲ್ಲಿ ನಮೂನೆ ಎಂದರೆ ತುಂಬಿ ಕೊಡುವ ಅರ್ಜಿಯ ಫಾರ್ಮು. ‘ಮುಕ್ತ ನಮೂನೆ’ ಎಂದರೆ ಖಾಲಿ ಅರ್ಜಿ ಎಂದುಕೊಂಡಾರು. ‘ಕಡತ ಸ್ವರೂಪ’ ಎನ್ನಿ. ಕಡತ ಒಳ್ಳೆಯ ಪದ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕ ಅದು. ಅಳಿಸಿ ಮತ್ತೆ ಬರೆಯಲೂ ಬರುತ್ತಿತ್ತು, ಇಂದಿನ ಕಡತದ ಹಾಗೆಯೇ.

ಸ್ವರೂಪದ ಹೆಸರನ್ನೂ ಬರೆಯಲೇಬೇಕು: ಓಪನ್ ಡಾಕ್ಯುಮೆಂಟ್, ಅಂದರೆ ಪತ್ರಕ್ಕೆ ಓಡಿಟಿ, ಲೆಕ್ಕದ ಹಾಳೆಗೆ ಓಡಿಎಸ್. 2006ರಲ್ಲಿ ಇದು ಐಎಸ್ಒ 26300 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಹೊರಗೆ ಕಳಿಸುವ ಪತ್ರ ತಿದ್ದುವಂಥದಲ್ಲವಾದರೆ ಪಿಡಿಎಫ್ ಮಾಡಿ ಕಳಿಸುವುದು ಒಳ್ಳೆಯದು.

ಇನ್ನೊಂದು ಪದದಿಂದ ಆಗುವ ಎಡವಟ್ಟು ಹೇಳಬೇಕು. ಲಿಬ್ರೆಆಫೀಸಿನಲ್ಲಿ ಕನ್ನಡ ಬರುವುದು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಗುಂಪಿನಲ್ಲಿ. ಇದನ್ನು ‘ಕ್ಲಿಷ್ಟ ಪಠ್ಯ’ ಎಂದು ಅನುವಾದಿಸಿದರೆ ಅದು ನಮಗೆ ಸಂಬಂಧಿಸಿದ್ದೆಂದು ಯಾರಿಗೂ ಹೊಳೆಯುವುದಿಲ್ಲ. ಒತ್ತಕ್ಷರ, ಗುಣಿತ ಕೂಡುವ ಲಿಪಿ ಎಂಬ ಅರ್ಥದಲ್ಲಿ ‘ಸಂಯುಕ್ತ ಲಿಪಿ’ ಎಂದರೆ ತಿಳಿಯುತ್ತದೆ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಅಂಡ್ ಲೊಕೇಲ್ಸ್ ಒಳಗೆ ಹೋಗಿ ಆ ಸಾಲಿನಲ್ಲಿ ಕನ್ನಡ ಆರಿಸಬೇಕು. ಅಕ್ಷರದ ಕಿಟಕಿಯಲ್ಲೂ ಪಾಶ್ಚಾತ್ಯ ಲಿಪಿಗೆ ಒಂದು ಫಾಂಟು, ಸಂಯುಕ್ತ ಲಿಪಿಗೆ ಇನ್ನೊಂದು. ಮೊದಲನೆಯದನ್ನಷ್ಟೇ ಬದಲಿಸಿ ‘ಕನ್ನಡ ಅಕ್ಷರ ದೊಡ್ಡದಾಗಲಿಲ್ಲ’ ಎಂಬ ದೂರು ಬರುವುದು ಇಲ್ಲೇ.

ಬೇರೆ ಯಂತ್ರದಲ್ಲಿ ತೆರೆದಾಗ ಪುಟ ಹೆಚ್ಚಾಯಿತೆಂಬ ದೂರಿಗೂ ಹೆಚ್ಚಾಗಿ ತಂತ್ರಾಂಶ ಕಾರಣವಲ್ಲ. ಇನ್ನೊಂದು ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ, ಸಾಲಿನ ಎತ್ತರ ಬದಲಾಗಿ ಎರಡು ಪುಟದ ಪತ್ರ ಮೂರಕ್ಕೆ ಹೋಗುತ್ತದೆ. ನೋಟೊ ಸೆರಿಫ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟನ್ನು ಎಲ್ಲ ಯಂತ್ರಕ್ಕೂ ಹಾಕಿ.

‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳದ್ದು ಬೇರೆಯೇ ಕಥೆ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್‌ಗೆ ಮುಂಚಿನವುಗಳಲ್ಲಿ ಒಳಗಿರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ, ಕನ್ನಡದ ರೂಪ ಇರುವುದು ಫಾಂಟಿನಲ್ಲಿ ಮಾತ್ರ. ಆ ಫಾಂಟು ಇಲ್ಲದ ಕಡೆ ಯಾವ ತಂತ್ರಾಂಶದಲ್ಲಿ ತೆರೆದರೂ ಚಿಹ್ನೆಗಳ ರಾಶಿಯೇ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಅರ್ಕಾವತ್ತು ಬಂದ ಕಡೆಗಳನ್ನು ಕಣ್ಣಿಟ್ಟು ಓದಬೇಕು. ‘ಕರ್ತವ್ಯ’, ‘ವರ್ಷ’, ‘ಖರ್ಚು’ ಮೊದಲು ನೋಡಿ. ಠರಾವಿನಲ್ಲಿ ‘ಯುನಿಕೋಡ್’ ಎಂಬ ಪದ ಇಲ್ಲದಿದ್ದರೆ ಈ ಕೆಲಸ ಯಾರ ಪಾಲಿಗೂ ಬರುವುದಿಲ್ಲ.

ಉತ್ತರ (ಹಾವೇರಿ)

ಹಿಂದಿನ ಎರಡು ಉತ್ತರಕ್ಕೂ ಸಹಮತ. ಕರಡು ಹೀಗಿರಲಿ: “ಸಂಘದ ಗಣಕಯಂತ್ರಗಳಲ್ಲಿ ಸ್ವಾಮ್ಯದ ಕಚೇರಿ ತಂತ್ರಾಂಶದ ಬದಲು ಮುಕ್ತ ಪರವಾನಗಿಯ ಲಿಬ್ರೆಆಫೀಸ್ ತಂತ್ರಾಂಶ ಬಳಸತಕ್ಕದ್ದು. ಕನ್ನಡ ಪಠ್ಯವನ್ನು ಯುನಿಕೋಡ್‌ನಲ್ಲಿ, ಕಡತಗಳನ್ನು ಓಪನ್ ಡಾಕ್ಯುಮೆಂಟ್ ಸ್ವರೂಪದಲ್ಲಿ ಇಡತಕ್ಕದ್ದು.”

ಟೈಪು ಮಾಡುವವರಿಗೆ ಒಂದು ಮಾತು ಹೇಳಿಡಿ. ‘ಮುಕ್ತ’ ಇನ್ನೊಂದು ಪದದ ಮೊದಲು ಬಿಡಿಯಾಗಿ ಬಂದರೆ ವಿಶೇಷಣ, ಪದದ ಕೊನೆಗೆ ಸಮಾಸವಾಗಿ ಕೂಡಿದರೆ ‘ಇಲ್ಲದ’ ಎಂಬ ಅರ್ಥ. ಸುಂಕಮುಕ್ತ, ವಿಷಮುಕ್ತ, ಪ್ಲಾಸ್ಟಿಕ್‌ಮುಕ್ತ ನೋಡಿ. ‘ಮುಕ್ತ ತಂತ್ರಾಂಶದ ಕಚೇರಿ’ ಹೋಗಿ ‘ತಂತ್ರಾಂಶಮುಕ್ತ ಕಚೇರಿ’ ಆದರೆ ಯಂತ್ರಗಳನ್ನು ಬರಿದು ಮಾಡಬೇಕೆಂದು ಠರಾವು ಪಾಸಾದಂತೆ.